ಬಾಡಿಗೆ ಮನೆಗೆ ಮಾತ್ರವಲ್ಲ, ದಾರಿಗೂ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಇಂದು ಬೆಂಗಳೂರಿನಲ್ಲಿ ದುಡಿಯುವ ಸಾಮಾನ್ಯ ಕುಟುಂಬಗಳನ್ನು ಕೇಳಿದರೆ, ಕಟ್ಟುವುದು ಹಾಗಿರಲಿ, ಮಕ್ಕಳೊಂದಿಗೆ ಬಾಳಲು ಯೋಗ್ಯವಾದ ಒಂದು ಬಾಡಿಗೆ ಮನೆ ಹುಡುಕಿ ನೋಡಿ ಎನ್ನುತ್ತಾರೆ. ನಗರದೊಳಗೆ ಮನೆ ಸಿಗುತ್ತದೆ, ಆದರೆ ಬಾಡಿಗೆ ಕೈಗೆಟಕುವುದಿಲ್ಲ. ಬಾಡಿಗೆ ಕೈಗೆಟಕುವಲ್ಲಿ ಮನೆಯಿರುತ್ತದೆ, ಆದರೆ ಕೆಲಸ ದೂರವಾಗುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದು ಇಂದು ಸಾವಿರಾರು ಮನೆಗಳ ಪ್ರಶ್ನೆಯಾಗಿದೆ.

ನನ್ನ ತಂಗಿಯ ಕುಟುಂಬಕ್ಕೂ ಈ ಪ್ರಶ್ನೆ ಎದುರಾಯಿತು. ಅವಳ ಪತಿ ಕೆ.ಆರ್. ಮಾರುಕಟ್ಟೆಯ ಸಮೀಪ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ತಂಗಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮೂವರು ಮಕ್ಕಳು, ಸಕ್ಕರೆ ಕಾಯಿಲೆಯ ಅತ್ತೆ. ಗೋರಿಪಾಳ್ಯದ ಗಲ್ಲಿಯೊಂದರಲ್ಲಿ ಒಂದು ಕೋಣೆ ಮತ್ತು ಅಡುಗೆಮನೆಯಲ್ಲಿ ಅವರು ಆರು ಮಂದಿ ಬಾಳುತ್ತಿದ್ದರು. ಹಳೆಯ ಕಟ್ಟಡವನ್ನು ಕೆಡವಿ ಮಹಡಿಗಳನ್ನು ಕಟ್ಟಬೇಕು, ಮೂರು ತಿಂಗಳಲ್ಲಿ ಬಿಟ್ಟುಕೊಡಿ ಎಂದು ಮಾಲಕರು ತಿಳಿಸಿದರು. ಅದೇ ಪ್ರದೇಶದಲ್ಲಿ ಎರಡು ಕೋಣೆಯ ಮನೆ ಕೇಳಿದರೆ ಬಾಡಿಗೆಯ ಜೊತೆ ಹತ್ತು ತಿಂಗಳ ಮುಂಗಡವನ್ನೂ ಹೊಂದಿಸಬೇಕಿತ್ತು. ಹಾಗಾಗಿ ನಗರದ ಹೊರಗೆ ನೋಡೋಣ ಎಂಬ ತೀರ್ಮಾನಕ್ಕೆ ಬಂದರು. ನಾನು ಮಂಡ್ಯ ಜಿಲ್ಲೆಯ ಶಾಲೆಯೊಂದರಲ್ಲಿ ಪಾಠ ಹೇಳುವವಳು. ಬೆಂಗಳೂರು-ಮೈಸೂರು ರೈಲು ಹಾದಿ ನನಗೆ ಪರಿಚಿತ. ಮೂರು ಭಾನುವಾರ ನಾನೂ ಅವರೊಂದಿಗೆ ಆ ಹಾದಿಯ ಊರುಗಳಲ್ಲಿ ಇಳಿದು ಮನೆ ನೋಡಿದೆ. ಅದರಿಂದ ತಿಳಿದುಕೊಂಡದ್ದನ್ನು ಓದುಗ ಸಹೋದರಿಯರೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಹಳಿಯ ಬದಿಯ ಊರುಗಳು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 138 ಕಿ.ಮೀ. ಈ ಹಾದಿ ಈಗ ಜೋಡಿ ಹಳಿಯಾಗಿದೆ, ವಿದ್ಯುದೀಕರಣವೂ ಆಗಿದೆ. ಬೆಳಿಗ್ಗೆ ಬೆಂಗಳೂರಿನ ಕಡೆಗೆ ಬರುವ ರೈಲನ್ನು ಒಮ್ಮೆ ನೋಡಬೇಕು. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಂದು ಊರೂರಿನಲ್ಲೂ ಜನ ಹತ್ತುತ್ತಾರೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಚೇರಿ ನೌಕರರು, ದಾದಿಯರು, ಕಾಲೇಜು ವಿದ್ಯಾರ್ಥಿಗಳು ಎಲ್ಲರೂ ಇರುತ್ತಾರೆ. ಮಹಿಳಾ ಬೋಗಿಯಲ್ಲಿ ಒಬ್ಬಳು ತಲೆ ಬಾಚಿಕೊಳ್ಳುತ್ತಾಳೆ, ಇನ್ನೊಬ್ಬಳು ಡಬ್ಬಿ ಬಿಚ್ಚಿ ತಿಂಡಿ ತಿನ್ನುತ್ತಾಳೆ, ಮತ್ತೊಬ್ಬಳು ಕಿಟಕಿಗೆ ತಲೆಯಿಟ್ಟು ನಿದ್ದೆ ಪೂರೈಸುತ್ತಾಳೆ. ಇವರೆಲ್ಲ ಬಾಡಿಗೆ ಉಳಿಸಲು ದೂರದಲ್ಲಿ ನೆಲೆಸಿದವರು, ಇಲ್ಲವೇ ಹುಟ್ಟಿದೂರನ್ನು ಬಿಡದೆ ನಗರದಲ್ಲಿ ದುಡಿಯುವವರು.

ನಿತ್ಯ ಓಡಾಡುವವರಿಗೆ ರೈಲ್ವೆ ಇಲಾಖೆ 150 ಕಿ.ಮೀ. ವರೆಗೆ ಸೀಸನ್ ಟಿಕೆಟ್ ಕೊಡುತ್ತದೆ. ದಿನದಿನವೂ ಟಿಕೆಟ್ ಕೊಳ್ಳುವುದಕ್ಕಿಂತ ಇದು ಬಹಳ ಅಗ್ಗ. ಆದರೆ ಎಲ್ಲ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಇದು ನಡೆಯುವುದಿಲ್ಲ, ಎಲ್ಲ ರೈಲುಗಳು ಎಲ್ಲ ಊರಿನಲ್ಲಿ ನಿಲ್ಲುವುದೂ ಇಲ್ಲ. ಹಾಗಾಗಿ ಮನೆ ನೋಡುವ ಮೊದಲು ಆ ಊರಿನ ರೈಲ್ವೆ ನಿಲ್ದಾಣಕ್ಕೆ ಹೋಗಿ, ಬೆಳಿಗ್ಗೆ ಯಾವ ರೈಲು, ಸಂಜೆ ಯಾವ ರೈಲು, ಅದು ತಪ್ಪಿದರೆ ಮುಂದಿನದು ಯಾವಾಗ ಎಂದು ಬರೆದುಕೊಂಡು ಬರುವುದು ಲೇಸು.

ನಾವು ಮೊದಲು ನೋಡಿದ್ದು ಕೆಂಗೇರಿ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಇಲ್ಲಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಮುಂದುವರಿಯಿತು. ಮೆಟ್ರೋ ಬಂದ ಊರಿಗೆ ಬಾಡಿಗೆಯೂ ಹಿಂದೆಯೇ ಬರುತ್ತದೆ. ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ ನಾವು ಕೇಳಿದ ಫ್ಲಾಟುಗಳ ಬಾಡಿಗೆ ಭಾವನವರ ಸಂಬಳದ ಅರ್ಧವನ್ನು ದಾಟುತ್ತಿತ್ತು. ಒಳಗಿನ ಬಡಾವಣೆಗಳಲ್ಲಿ ಕಡಿಮೆ ಇತ್ತು, ಆದರೆ ಅಲ್ಲಿಂದ ನಿಲ್ದಾಣಕ್ಕೆ ಆಟೋ ಬೇಕು. ಮೆಟ್ರೋ ದರವೂ 2025ರ ಫೆಬ್ರವರಿಯಲ್ಲಿ ಏರಿತು. 60 ರೂಪಾಯಿ ಇದ್ದ ಗರಿಷ್ಠ ದರ ಆಗ 90 ರೂಪಾಯಿಯಾಯಿತು.

ಮುಂದೆ ಬಿಡದಿ. ತಟ್ಟೆ ಇಡ್ಲಿಗೆ ಹೆಸರಾಗಿದ್ದ ಈ ಊರಿಗೆ ಟೊಯೋಟಾ ಕಾರು ಕಾರ್ಖಾನೆ ಬಂದು, 1999ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾಯಿತು. ಕೈಗಾರಿಕಾ ಪ್ರದೇಶ ಬೆಳೆದಂತೆ ಮನೆಗಳೂ ಎದ್ದವು. ಆದರೆ ಅವುಗಳಲ್ಲಿ ನಾವು ನೋಡಿದ ಹಲವು, ಕಾರ್ಖಾನೆಯ ಒಂಟಿ ಯುವಕರು ಹಂಚಿಕೊಂಡು ಇರಲೆಂದು ಕಟ್ಟಿದ ಸಾಲುಕೋಣೆಗಳು. ಹೆಣ್ಣುಮಕ್ಕಳಿರುವ ಸಂಸಾರಕ್ಕೆ ಅವು ಹೊಂದುವಂತಿರಲಿಲ್ಲ. ಒಂದು ಹೊಸ ಅಪಾರ್ಟ್‌ಮೆಂಟ್ ಚೆನ್ನಾಗಿತ್ತು. ಅದು ಹೆದ್ದಾರಿಯ ಆಚೆ ಬದಿಯಲ್ಲಿದ್ದು, ಶಾಲೆಗೆ ಮಕ್ಕಳು ನಿತ್ಯ ಆ ರಸ್ತೆ ದಾಟಬೇಕಿತ್ತು. ತಂಗಿ ಅಲ್ಲಿಂದಲೇ ಹಿಂದಿರುಗಿದಳು.

ರೇಷ್ಮೆಯ ಊರು, ಬೊಂಬೆಯ ಊರು

ರಾಮನಗರಕ್ಕೆ ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಬ್ರಿಟಿಷರ ಕಾಲದಲ್ಲಿ ಇದು ಕ್ಲೋಸ್‌ಪೇಟೆಯಾಗಿತ್ತು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಂಡೆಗಳು ಈ ಊರಿನ ಬೆಟ್ಟಗಳೇ. 2007ರಲ್ಲಿ ಜಿಲ್ಲಾ ಕೇಂದ್ರವಾಯಿತು, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಆದರೆ ಊರಿನ ಬದುಕು ನಿಂತಿರುವುದು ರೇಷ್ಮೆಯ ಮೇಲೆ. ಇಲ್ಲಿನ ಸರಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ದೂರದ ಜಿಲ್ಲೆಗಳಿಂದಲೂ ರೈತರು ಗೂಡು ತರುತ್ತಾರೆ. ಗೂಡು ಬೇಯಿಸಿ ನೂಲು ಬಿಚ್ಚುವ ಘಟಕಗಳು ನಮ್ಮ ಜನರು ಹೆಚ್ಚಾಗಿರುವ ಮೊಹಲ್ಲಾಗಳಲ್ಲಿ ಬಹಳವಿವೆ. ಬಿಸಿನೀರಿನಲ್ಲಿ ಬೆರಳು ಅದ್ದಿ ಎಳೆ ಹಿಡಿಯುವ ಕೆಲಸದಲ್ಲಿ ಎಷ್ಟೋ ತಾಯಂದಿರು ಮಕ್ಕಳನ್ನು ಓದಿಸಿದ್ದಾರೆ.

ಆದರೆ ಬಾಡಿಗೆಗೆ ಬರುವವರು ತಿಳಿದಿರಬೇಕಾದ ಒಂದು ಮಾತಿದೆ. ಬೆಂದ ಹುಳುವಿನ ವಾಸನೆ ಕಟುವಾದುದು. ಘಟಕದ ಪಕ್ಕದ ಮನೆಗೆ ಬಾಡಿಗೆ ಕಡಿಮೆ ಏಕೆಂಬುದು ಭಾನುವಾರ ಮಧ್ಯಾಹ್ನ ತಿಳಿಯುವುದಿಲ್ಲ, ಕೆಲಸದ ದಿನ ಬೆಳಿಗ್ಗೆ ತಿಳಿಯುತ್ತದೆ. ಹಾಗೆಯೇ ಊರಿನ ನಡುವೆ ಅರ್ಕಾವತಿ ನದಿಯಿದೆ. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರದ ತಗ್ಗು ಬಡಾವಣೆಗಳಿಗೂ ಹೆದ್ದಾರಿಗೂ ನೀರು ನುಗ್ಗಿತ್ತು. ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮನೆಯವರನ್ನು ಕೇಳಿದರೆ ಉತ್ತರ ಬರಲಿಕ್ಕಿಲ್ಲ. ಎದುರು ಅಂಗಡಿಯವರನ್ನು ಕೇಳಿದರೆ ಗೋಡೆಯ ಮೇಲಿನ ಗುರುತನ್ನೇ ತೋರಿಸುತ್ತಾರೆ.

ರಾಮನಗರದಿಂದ ಹತ್ತು ಹನ್ನೆರಡು ಕಿ.ಮೀ. ಮುಂದೆ ಚನ್ನಪಟ್ಟಣ. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಹೊಳಪು ಕೊಡುವ ಬೊಂಬೆಗಳ ಊರು. ಈ ಕಸುಬಿಗೆ ಟಿಪ್ಪು ಸುಲ್ತಾನರ ಪ್ರೋತ್ಸಾಹವಿತ್ತೆಂಬ ಮಾತು ಊರಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಇಲ್ಲಿ ಬಾಡಿಗೆ ಇನ್ನೂ ಇಳಿಯಿತು. ಬೆಂಗಳೂರಿನಲ್ಲಿ ಒಂದು ಕೋಣೆಗೆ ಕೊಡುವ ಹಣಕ್ಕೆ ಇಲ್ಲಿ ಮೂರು ಕೋಣೆ, ಹಿತ್ತಲು, ಟೆರೇಸು. ಭಾವನವರ ಮನಸ್ಸು ಅಲ್ಲಿಯೇ ನಿಂತಿತು. ಮಕ್ಕಳು ಟೆರೇಸಿನಲ್ಲಿ ಓಡಾಡುವುದನ್ನು ನೋಡಿ ನನಗೂ ಸಂತೋಷವಾಯಿತು. ತಂಗಿ ಮಾತ್ರ ಮಾತನಾಡಲಿಲ್ಲ. ರೈಲು ಹತ್ತಿದ ಮೇಲೆ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು: “ನೀವು ರಾತ್ರಿ ಎಷ್ಟು ಗಂಟೆಗೆ ಮನೆಗೆ ಬರುತ್ತೀರಿ?”

ಲೆಕ್ಕ ಹಾಕುವ ಬಗೆ

ಆ ಪ್ರಶ್ನೆಯಿಂದ ನಮ್ಮ ನಿಜವಾದ ಲೆಕ್ಕ ಆರಂಭವಾಯಿತು. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಗರದಲ್ಲಿ ಬಾಡಿಗೆ 15,000 ರೂಪಾಯಿ, ಹೊರಗಿನ ಊರಿನಲ್ಲಿ 8,000 ಎಂದಿಟ್ಟುಕೊಳ್ಳಿ. ತಿಂಗಳಿಗೆ 7,000 ಉಳಿತಾಯ. ಇದರಲ್ಲಿ ಸೀಸನ್ ಟಿಕೆಟ್ಟಿನ ಹಣ ಕಳೆಯಿರಿ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕೆಲಸಕ್ಕೆ ದಿನಕ್ಕೆ 60 ರೂಪಾಯಿಯಂತೆ 26 ದಿನಕ್ಕೆ 1,560 ಕಳೆಯಿರಿ. ಬೆಳಿಗ್ಗೆ ಬೇಗ ಹೊರಡುವುದರಿಂದ ಹೊರಗಿನ ತಿಂಡಿ, ಚಹಾ, ರೈಲು ತಪ್ಪಿದ ದಿನ ಬಸ್ಸು. ಉಳಿದದ್ದು ನಾಲ್ಕು ಸಾವಿರವಾದರೂ ಇದ್ದರೆ ಅದು ಸಣ್ಣ ಮೊತ್ತವಲ್ಲ. ಒಂದು ಮಗುವಿನ ಶಾಲೆಯ ಖರ್ಚು ಅದರಲ್ಲಿ ನಡೆಯುತ್ತದೆ.

ಇನ್ನು ಹಣವಲ್ಲದ ಲೆಕ್ಕ. ದಿನಕ್ಕೆ ಮೂರು ಗಂಟೆ ಹೆಚ್ಚುವರಿ ಪ್ರಯಾಣವೆಂದರೆ 26 ದಿನಕ್ಕೆ 78 ಗಂಟೆ. ಅಂದರೆ ಪ್ರತಿ ತಿಂಗಳು ಮೂರು ಹಗಲು ಮೂರು ರಾತ್ರಿಗಿಂತಲೂ ಹೆಚ್ಚು ಕಾಲ ಮನೆಯ ಯಜಮಾನ ದಾರಿಯಲ್ಲಿರುತ್ತಾನೆ. ಈ ಗಂಟೆಗಳು ಅವನ ನಿದ್ದೆಯಿಂದ, ಮಕ್ಕಳೊಂದಿಗೆ ಕಳೆಯುವ ಸಮಯದಿಂದ ಕಡಿತವಾಗುತ್ತವೆ.

ಇಷ್ಟನ್ನು ಗಂಡಸರೂ ಲೆಕ್ಕ ಹಾಕುತ್ತಾರೆ. ಆದರೆ ಇನ್ನೊಂದು ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಅವನು ಆರೂವರೆಗೆ ಹೊರಡಬೇಕಾದರೆ ಅವಳು ನಾಲ್ಕೂವರೆಗೆ ಏಳಬೇಕು. ಅವನು ಒಂಬತ್ತೂವರೆಗೆ ಬಂದರೆ ಅವಳ ಅಡುಗೆಮನೆ ಮುಚ್ಚುವುದು ಹತ್ತೂವರೆಗೆ. ನಡುವಿನ ಅವಧಿಯಲ್ಲಿ ನೀರು ಬಂದರೆ ಹಿಡಿಯುವವಳು ಅವಳು. ಗ್ಯಾಸ್ ಸಿಲಿಂಡರ್, ಶಾಲೆಯಿಂದ ಬಂದ ಕರೆ, ಅತ್ತೆಯ ಆಸ್ಪತ್ರೆ, ಮಗುವಿನ ಜ್ವರ ಎಲ್ಲಕ್ಕೂ ಅವಳೊಬ್ಬಳೇ. ಗೋರಿಪಾಳ್ಯದಲ್ಲಿದ್ದಾಗ ಕರೆದರೆ ಅರ್ಧ ಗಂಟೆಯಲ್ಲಿ ಬರುತ್ತಿದ್ದ ಪತಿ ಈಗ ಎರಡು ಗಂಟೆ ದೂರ. ಕಡಿಮೆ ಬಾಡಿಗೆಯ ಮನೆಯ ಉಳಿದ ಬಾಡಿಗೆಯನ್ನು ಹೀಗೆ ಅವಳು ತನ್ನ ದುಡಿಮೆಯಿಂದ ಕಟ್ಟುತ್ತಾಳೆ. ಮೇಲಾಗಿ ತಂಗಿಗೆ ಹೊಲಿಗೆಯ ಗಿರಾಕಿಗಳು ಗೋರಿಪಾಳ್ಯದಲ್ಲಿದ್ದರು. ಊರು ಬಿಟ್ಟರೆ ಆ ಸಂಪಾದನೆಯೂ ಮೊದಲಿನಿಂದ ಆರಂಭವಾಗಬೇಕು. ಅವಳ ಪ್ರಶ್ನೆಯಲ್ಲಿ ಇದೆಲ್ಲವೂ ಇತ್ತು.

ಮನುಷ್ಯನ ಸೌಭಾಗ್ಯಗಳಲ್ಲಿ ವಿಶಾಲವಾದ ಮನೆ, ಒಳ್ಳೆಯ ನೆರೆಯವರು ಮತ್ತು ಹಿತವಾದ ವಾಹನ ಸೇರಿವೆ ಎಂಬ ಆಶಯದ ಹದೀಸನ್ನು ನಾವು ಮದ್ರಸದಲ್ಲಿ ಓದಿದ್ದೇವೆ. ಮನೆ ಹುಡುಕುವಾಗ ನಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡುತ್ತೇವೆ. ಈ ಮೂರನ್ನೂ ಒಟ್ಟಿಗೆ ಎಣಿಸಿದಾಗಲೇ ಮನೆ ಅಗ್ಗವೋ ದುಬಾರಿಯೋ ತಿಳಿಯುವುದು.

ಭೋಗ್ಯದ ಆಕರ್ಷಣೆ

ಈ ಹುಡುಕಾಟದಲ್ಲಿ ದಲ್ಲಾಳಿಗಳು ಮತ್ತೆ ಮತ್ತೆ ಮುಂದಿಟ್ಟದ್ದು ‘ಲೀಸ್’ ಅಥವಾ ಭೋಗ್ಯದ ಮನೆ. ಕೆಲವು ಲಕ್ಷಗಳನ್ನು ಒಟ್ಟಿಗೆ ಕೊಟ್ಟುಬಿಡಿ, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರಿ, ಬಿಡುವಾಗ ಹಣ ಪೂರ್ತಿ ವಾಪಸ್ಸು. ಕೇಳಲು ಬಹಳ ಹಿತವಾಗಿದೆ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಒಡವೆ ಮಾರಿ ಈ ಹಣ ಹೊಂದಿಸುತ್ತಾರೆ.

ಇದರಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಒಂದು, ದೀನ್‌ಗೆ ಸಂಬಂಧಿಸಿದ್ದು. ಕೊಟ್ಟ ಹಣ ಪೂರ್ತಿ ಹಿಂದಿರುಗುವುದಾದರೆ ಅದು ಸಾಲ. ಆ ಸಾಲದ ಕಾರಣಕ್ಕಾಗಿ ಬಾಡಿಗೆಯಿಲ್ಲದೆ ವಾಸಿಸಿದರೆ ಅದು ಸಾಲದ ಮೇಲಿನ ಲಾಭ. ಸಾಲದ ಮೇಲೆ ಪಡೆಯುವ ಲಾಭ ಬಡ್ಡಿಯ ವ್ಯಾಪ್ತಿಗೆ ಬರುತ್ತದೆ ಎಂದು ಹೆಚ್ಚಿನ ಉಲಮಾಗಳು ಹೇಳುತ್ತಾರೆ. ಬಾಡಿಗೆಯ ಜೊತೆ ಭದ್ರತೆಗಾಗಿ ಇಡುವ ಮುಂಗಡ ಬೇರೆ, ಬಾಡಿಗೆಯ ಬದಲಿಗೆ ಕೊಡುವ ಈ ಹಣ ಬೇರೆ. ಸಂದೇಹವಿದ್ದವರು ತಮ್ಮ ಊರಿನ ಆಲಿಮರನ್ನು ಕೇಳಿಯೇ ಮುಂದುವರಿಯಲಿ.

ಎರಡನೆಯದು ಕಾನೂನಿಗೆ ಸಂಬಂಧಿಸಿದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ನಿಜವಾದ ಭೋಗ್ಯದ ಅಡಮಾನಕ್ಕೆ ನೋಂದಣಿ ಬೇಕು. ಛಾಪಾ ಕಾಗದದ ಮೇಲೆ ಇಬ್ಬರು ಸಹಿ ಮಾಡಿದ ಮಾತ್ರಕ್ಕೆ ನಿಮ್ಮ ಲಕ್ಷಗಳಿಗೆ ಆಸ್ತಿಯ ಭದ್ರತೆ ಸಿಗುವುದಿಲ್ಲ. ಮಾಲಕರು ಅದೇ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಮಾಡಿ ಕಂತು ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯನ್ವಯ ಬ್ಯಾಂಕು ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ಪಡೆಯಬಹುದು. ಆಗ ಸಾಮಾನು ಬೀದಿಗೆ ಬರುವುದು ಬಾಡಿಗೆದಾರರದ್ದು. ಉಪ ನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರ ತೆಗೆಸಿದರೆ ನೋಂದಣಿಯಾದ ಸಾಲಗಳು ತಿಳಿಯುತ್ತವೆ. ಒಡವೆ ಮಾರುವ ಮೊದಲು ಇಷ್ಟನ್ನಾದರೂ ಮಾಡಬೇಕು.

ಸಾಮಾನ್ಯ ಬಾಡಿಗೆ ಕರಾರು 11 ತಿಂಗಳಿಗೆ ಇರುವುದನ್ನು ನೀವು ನೋಡಿರಬಹುದು. ಒಂದು ವರ್ಷ ಮೀರಿದ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯವಾದುದರಿಂದ ಈ ರೂಢಿ ಬಂದಿದೆ. 2021ರಲ್ಲಿ ಕೇಂದ್ರ ಸರಕಾರ ಹೊರತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆಂದು ಹೇಳಿತು. ಅದು ರಾಜ್ಯಗಳಿಗೆ ಒಂದು ಮಾದರಿ ಮಾತ್ರ. ಆದರೂ ಚೌಕಾಸಿ ಮಾಡುವಾಗ ಹೇಳಬಹುದಾದ ಮಾತು. ಸಣ್ಣ ಊರುಗಳಲ್ಲಿ ನಾವು ಕೇಳಿದಾಗ ಹತ್ತು ತಿಂಗಳ ಮುಂಗಡ ಐದಕ್ಕೆ, ಆರಕ್ಕೆ ಇಳಿದದ್ದುಂಟು.

ಹೆಸರು ಕೇಳಿದ ಮೇಲೆ

ಇನ್ನೊಂದು ವಿಷಯ ಹೇಳದಿದ್ದರೆ ಈ ಬರಹ ಪೂರ್ಣವಾಗದು. ಎರಡು ಕಡೆ ಫೋನಿನಲ್ಲಿ ಬನ್ನಿ ಎಂದವರು ಹೆಸರು ಕೇಳಿದ ನಂತರ, ಮನೆ ಈಗಷ್ಟೇ ಹೋಯಿತು ಎಂದರು. ಒಂದು ಕಡೆ ಸಸ್ಯಾಹಾರಿಗಳಿಗೆ ಮಾತ್ರ ಎಂದರು. ಮಕ್ಕಳ ಎದುರು ಇಂತಹ ಮಾತು ಕೇಳುವಾಗ ಮನಸ್ಸಿಗಾಗುವ ನೋವನ್ನು ವಿವರಿಸಬೇಕಾಗಿಲ್ಲ. ಆದರೆ ಅದೇ ಬೀದಿಯಲ್ಲಿ, ನಮ್ಮನ್ನು ಕೂರಿಸಿ ನೀರು ಕೊಟ್ಟು, ತಾವೇ ನಾಲ್ಕು ಮನೆ ತೋರಿಸಿದ ಹಿಂದೂ ಸಹೋದರಿಯೂ ಇದ್ದರು. ಯಾವ ಬೋರ್‌ವೆಲ್ ಬೇಸಿಗೆಯಲ್ಲಿ ಬತ್ತುತ್ತದೆ ಎಂಬುದನ್ನು ಹೇಳಿದವರೂ ಅವರೇ.

ನಮ್ಮವರಲ್ಲಿ ಮನೆ ಬಾಡಿಗೆಗೆ ಕೊಡುವವರೂ ಯೋಚಿಸಬೇಕು. ಮೂರು ಮಕ್ಕಳೆಂದರೆ ಬೇಡ, ವಿಧವೆಯೆಂದರೆ ಬೇಡ, ತಲಾಖ್ ಆದ ಹೆಣ್ಣೆಂದರೆ ನೂರು ಪ್ರಶ್ನೆ. ಹೆಸರಿನ ಕಾರಣಕ್ಕೆ ನಮಗೆ ಮನೆ ಸಿಗದಾಗ ಆಗುವ ನೋವೇ, ಗಂಡನಿಲ್ಲದ ಕಾರಣಕ್ಕೆ ಮನೆ ಸಿಗದ ಆ ಹೆಣ್ಣಿಗೂ ಆಗುತ್ತದೆ.

ಮನೆ ನೋಡಬೇಕಾದವರು

ಕೊನೆಗೆ ತಂಗಿಯ ಕುಟುಂಬ ರಾಮನಗರದಲ್ಲಿ ನಿಂತಿತು. ಮೂರಂತಸ್ತಿನ ಕಟ್ಟಡದ ಒಂದನೇ ಮಹಡಿಯ ಎರಡು ಕೋಣೆಯ ಫ್ಲಾಟು. ಚನ್ನಪಟ್ಟಣದ ಮನೆಗಿಂತ ಚಿಕ್ಕದು, ಬಾಡಿಗೆಯೂ ಸ್ವಲ್ಪ ಹೆಚ್ಚು. ಆದರೆ ನಿಲ್ದಾಣಕ್ಕೆ ನಡೆದು ಹದಿನೈದು ನಿಮಿಷ, ಜಿಲ್ಲಾ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ, ಮಕ್ಕಳ ಶಾಲೆಗೆ ದೊಡ್ಡ ರಸ್ತೆ ದಾಟಬೇಕಾಗಿಲ್ಲ. ಈ ಮನೆಯನ್ನು ತಂಗಿ ಮೂರು ಸಲ ನೋಡಿದಳು: ವಾರದ ದಿನ ಬೆಳಿಗ್ಗೆ ನೀರು ಬರುವ ಹೊತ್ತಿಗೆ, ಸಂಜೆ ಮಗ್ರಿಬ್ ನಂತರ ಬೀದಿಯಲ್ಲಿ ಬೆಳಕಿದೆಯೇ ಎಂದು ತಿಳಿಯಲು, ಮತ್ತೊಮ್ಮೆ ಕೆಳಮನೆಯ ಹೆಂಗಸರೊಂದಿಗೆ ಮಾತನಾಡಲು. ಕರಾರಿಗೆ ಸಹಿ ಹಾಕಿದ್ದು ಭಾವ, ಒಪ್ಪಿಗೆ ಕೊಟ್ಟದ್ದು ತಂಗಿ.

ಮನೆ ಬದಲಾಯಿಸುವಾಗ ಮಕ್ಕಳ ಶಾಲೆಯ ಬಗ್ಗೆ ಅನೇಕರು ಹೆದರುತ್ತಾರೆ. ಶಿಕ್ಷಕಿಯಾಗಿ ಹೇಳುತ್ತೇನೆ, 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸರಕಾರಿ ಅಥವಾ ಅನುದಾನಿತ ಶಾಲೆ ಎಂಟನೇ ತರಗತಿಯವರೆಗಿನ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಷದ ನಡುವೆ ಹೋಗಬೇಕಾಗಿ ಬಂದರೂ ಧೈರ್ಯವಾಗಿ ಕೇಳಿ. ಇನ್ನು 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ತಂಗಿ ತಿಂಗಳಿಗೆರಡು ಸಲ ಹಳೆಯ ಗಿರಾಕಿಗಳ ಬಟ್ಟೆ ತರಲು ಗೋರಿಪಾಳ್ಯಕ್ಕೆ ಹೋಗಿಬರುತ್ತಾಳೆ. ಬಸ್ಸಿಗೆ ಹಣ ಬೇಕಾಗಿದ್ದರೆ ಆ ದುಡಿಮೆ ಉಳಿಯುತ್ತಿರಲಿಲ್ಲ. ದ್ವಿಚಕ್ರ ವಾಹನವನ್ನೇ ನಂಬಿರುವವರು ಒಂದು ವಿಷಯ ಗಮನಿಸಲಿ: 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ನಿಷೇಧಿಸಲಾಯಿತು. ಅವರಿಗೆ ಸರ್ವಿಸ್ ರಸ್ತೆಯೇ ದಾರಿ.

ಭಾವನವರು ಬೆಳಿಗ್ಗೆ ಬೇಗ ಹೊರಡುತ್ತಾರೆ, ರಾತ್ರಿ ದಣಿದು ಬರುತ್ತಾರೆ. ಆ ಕಷ್ಟ ನೀಗಿಲ್ಲ. ಆದರೆ ಮಕ್ಕಳು ಈಗ ಮಂಚದ ಕೆಳಗೆ ಪುಸ್ತಕ ಇಡುವುದಿಲ್ಲ, ಅತ್ತೆಗೆ ಕಾಲು ಚಾಚಿ ಮಲಗಲು ಜಾಗವಿದೆ. ರಾತ್ರಿ ಊಟಕ್ಕೆ ಕಾಯುವ ಬದಲು ಮಕ್ಕಳೊಂದಿಗೆ ಮೊದಲೇ ಉಣ್ಣುವುದು, ಭಾನುವಾರ ಅಡುಗೆಮನೆ ಭಾವನವರದ್ದು ಎಂಬ ಎರಡು ನಿಯಮಗಳನ್ನು ತಂಗಿ ಮನೆಗೆ ಬರುವ ಮೊದಲೇ ಒಪ್ಪಿಸಿಕೊಂಡಿದ್ದಳು.

ಮನೆ ಹುಡುಕುತ್ತಿರುವ ಸಹೋದರರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂಗಡ ಕೊಡುವ ಮೊದಲು ನಿಮ್ಮ ಪತ್ನಿಯನ್ನು ಆ ಮನೆಗೆ ಕರೆದೊಯ್ಯಿರಿ. ಅದೂ ಭಾನುವಾರವಲ್ಲ, ಕೆಲಸದ ದಿನ. ಅವಳು ನಲ್ಲಿ ತಿರುಗಿಸಿ ನೋಡಲಿ, ಬಾಗಿಲ ಚಿಲಕ ಹಾಕಿ ನೋಡಲಿ, ನೆರೆಮನೆಯವಳೊಂದಿಗೆ ಮಾತನಾಡಲಿ. ಅವಳು ಬೇಡವೆಂದರೆ ಕಾರಣ ಕೇಳಿ. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಆ ಮನೆಯಲ್ಲಿ ಹೆಚ್ಚು ಹೊತ್ತು ಇರುವವಳು ಅವಳೇ.